ತುಂಗಭದ್ರಾ ಅಣೆಕಟ್ಟೆಯನ್ನು ತೆಗೆಯಬೇಕೆ, ಉಳಿಸಿಕೊಳ್ಳಬೇಕೆ?

ಓದುಗರ ಪ್ರಶ್ನೆ: ಅಮೆರಿಕದ ಕ್ಲಾಮತ್ ನದಿಯ ಮೇಲಿದ್ದ ನಾಲ್ಕು ಅಣೆಕಟ್ಟೆಗಳನ್ನು ಒಡೆದು ತೆಗೆದ ಕೆಲವೇ ವಾರಗಳಲ್ಲಿ ಮೀನುಗಳು ಮೇಲ್ದಂಡೆಗೆ ಮರಳಿದವೆಂದು ಓದಿದೆ. ನಾನು ಸಿಂಧನೂರು ತಾಲ್ಲೂಕಿನವನು. ನಮ್ಮ ಮನೆ ನಡೆದಿರುವುದೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ. ಆದರೆ ನಮ್ಮ ಅಣೆಕಟ್ಟೆಗೂ ಎಪ್ಪತ್ತು ವರ್ಷ ದಾಟಿದೆ, ಹೂಳು ತುಂಬಿದೆ, 2024ರಲ್ಲಿ ಒಂದು ಗೇಟೇ ಕೊಚ್ಚಿಹೋಯಿತು. ಇದನ್ನೂ ತೆಗೆದು ನದಿಯನ್ನು ಅದರ ಪಾಡಿಗೆ ಬಿಡುವುದು ಸರಿಯೇ? ಉಳಿಸಿಕೊಳ್ಳುವುದಾದರೆ ಇನ್ನೆಷ್ಟು ಕಾಲ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ತುಂಗಭದ್ರಾ ಅಣೆಕಟ್ಟೆಯನ್ನು ತೆಗೆಯಬಾರದು, ಮತ್ತು ನನಗೆ ಗೊತ್ತಿರುವ ಮಟ್ಟಿಗೆ ತೆಗೆಯುವುದು ಸಾಧ್ಯವೂ ಇಲ್ಲ. ಎರಡನೆಯ ಪ್ರಶ್ನೆ ಹೆಚ್ಚು ಕಷ್ಟದ್ದು. ನನ್ನ ಕಾಳಜಿಯಿರುವುದೂ ಅಲ್ಲಿಯೇ. ಏಕೆಂದರೆ ಅಣೆಕಟ್ಟೆಯನ್ನು ತೆಗೆಯುವುದಿಲ್ಲ ಎಂದು ತೀರ್ಮಾನಿಸಿದ ಮಾತ್ರಕ್ಕೆ ಅದನ್ನು ಉಳಿಸಿಕೊಂಡಂತಾಗುವುದಿಲ್ಲ. ನೀರಾವರಿ ಎಂಜಿನಿಯರಾಗಿ ನನ್ನ ಕೆಲಸದ ಬಹುಪಾಲು ವರ್ಷಗಳನ್ನು ಹಳೆಯ ಅಣೆಕಟ್ಟೆ ಮತ್ತು ಕಾಲುವೆಗಳ ನಡುವೆಯೇ ಕಳೆದಿದ್ದೇನೆ. ಉಳಿಸಿಕೊಳ್ಳುವುದೆಂದರೆ ಪ್ರತಿ ಬೇಸಿಗೆಯಲ್ಲಿ ಮಾಡಬೇಕಾದ, ಹಣ ತೆತ್ತು ಮಾಡಬೇಕಾದ, ಉದ್ಘಾಟನೆಯಿಲ್ಲದ ಕೆಲಸ ಎಂಬುದನ್ನು ನಾವು ಎಂಜಿನಿಯರುಗಳೂ ಆಗಾಗ ಮರೆತಿದ್ದೇವೆ.

ಮೊದಲು ಕ್ಲಾಮತ್ ನದಿಯ ವಿಷಯ. ಆ ಸುದ್ದಿ ನಿಜ, ಅದು ಸಂತೋಷಪಡಬೇಕಾದ ಸುದ್ದಿಯೂ ಹೌದು. ಆರೆಗಾನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಹರಿಯುವ ಆ ನದಿಗೆ ಅಡ್ಡಲಾಗಿ ಜೆ.ಸಿ. ಬಾಯ್ಲ್, ಕಾಪ್ಕೊ 1, ಕಾಪ್ಕೊ 2 ಮತ್ತು ಐರನ್ ಗೇಟ್ ಎಂಬ ನಾಲ್ಕು ಅಣೆಕಟ್ಟೆಗಳಿದ್ದವು. ಕಾಪ್ಕೊ 2 ಅನ್ನು 2023ರಲ್ಲಿ, ಉಳಿದ ಮೂರನ್ನು 2024ರಲ್ಲಿ ತೆಗೆದರು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಸಾಲ್ಮನ್ ಮೀನುಗಳು ಅಣೆಕಟ್ಟೆಗಳಿದ್ದ ಜಾಗವನ್ನು ದಾಟಿ ಆರೆಗಾನ್ ಭಾಗವನ್ನು ತಲುಪಿದ್ದವು. 2002ರಲ್ಲಿ ಆ ನದಿಯ ಕೆಳಭಾಗದಲ್ಲಿ ಹತ್ತಾರು ಸಾವಿರ ಸಾಲ್ಮನ್‌ಗಳು ಸತ್ತು ತೇಲಿದ್ದನ್ನು ಕಂಡ ಯುರೋಕ್, ಕರುಕ್ ಮೊದಲಾದ ಮೂಲನಿವಾಸಿ ಸಮುದಾಯಗಳು ಎರಡು ದಶಕ ಕಾಲ ಪಟ್ಟು ಬಿಡದೆ ಹೋರಾಡಿದ್ದರ ಫಲ ಅದು.

ಆದರೆ ಆ ನಾಲ್ಕು ಅಣೆಕಟ್ಟೆಗಳು ಏನನ್ನು ಕೊಡುತ್ತಿದ್ದವು ಎಂದು ಕೇಳಿದರೆ ನಮ್ಮಲ್ಲಿಗೂ ಅಲ್ಲಿಗೂ ಇರುವ ಅಂತರ ತಿಳಿಯುತ್ತದೆ. ಅವುಗಳಿಂದ ಒಂದು ಎಕರೆ ಹೊಲಕ್ಕೂ ನೀರು ಹರಿಯುತ್ತಿರಲಿಲ್ಲ, ಒಂದು ಊರಿನ ಕುಡಿಯುವ ನೀರಿಗೂ ಅವು ಆಧಾರವಾಗಿರಲಿಲ್ಲ. ನಾಲ್ಕೂ ಸೇರಿ ಸುಮಾರು 163 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರಗಳಾಗಿದ್ದವು, ಅಷ್ಟೆ. ಅವುಗಳ ಪರವಾನಗಿ ನವೀಕರಿಸುವ ಕಾಲ ಬಂದಾಗ ಮೀನು ಹತ್ತಿ ಹೋಗಲು ಏಣಿಗಳನ್ನು ಕಟ್ಟಬೇಕೆಂಬ ಷರತ್ತು ಬಂತು. ಅದರ ಖರ್ಚಿಗಿಂತ ಅಣೆಕಟ್ಟೆಗಳನ್ನೇ ತೆಗೆಯುವುದು ಅಗ್ಗವೆಂದು ಅವುಗಳ ಒಡೆತನದ ಕಂಪನಿಯ ಲೆಕ್ಕವೇ ಹೇಳಿತು. ಆ ಪ್ರದೇಶದ ರೈತರಿಗೆ ನೀರು ಕೊಡುವ ಕಟ್ಟೆಗಳು ನದಿಯ ಮೇಲ್ಭಾಗದಲ್ಲಿ ಬೇರೆಯೇ ಇವೆ. ಅವು ಇಂದಿಗೂ ಅಲ್ಲಿಯೇ ನಿಂತಿವೆ. ಅಂದರೆ ಅಲ್ಲಿ ತೆಗೆದದ್ದು, ಪರ್ಯಾಯವಿದ್ದ ಒಂದೇ ಒಂದು ಪ್ರಯೋಜನಕ್ಕೆ ನಿಂತಿದ್ದ ಗೋಡೆಗಳನ್ನು.

ಈಗ ಇದೇ ಪ್ರಶ್ನೆಯನ್ನು ತುಂಗಭದ್ರೆಯ ಮುಂದಿಡೋಣ. ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಈ ನದಿಗೆ ಅಣೆಕಟ್ಟೆಯ ಯೋಚನೆಯನ್ನು ಮುಂದಿಟ್ಟಿದ್ದರು. ಆ ಬಳಿಕ 1876ರಿಂದ 1878ರವರೆಗಿನ ಧಾತು ಸಂವತ್ಸರದ ಬರ ಬಳ್ಳಾರಿ ಸೀಮೆಯ ಹಳ್ಳಿಗಳನ್ನು ಹೇಗೆ ಬರಿದು ಮಾಡಿತೆಂಬ ಮಾತು ನಮ್ಮ ಅಜ್ಜಂದಿರ ಕಾಲದವರೆಗೂ ಮನೆಮನೆಯಲ್ಲಿ ಉಳಿದಿತ್ತು. ಮದ್ರಾಸ್ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನಗಳು ನೀರಿನ ಪಾಲಿನ ಬಗ್ಗೆ ದಶಕಗಟ್ಟಲೆ ಚರ್ಚಿಸಿ, ಕೊನೆಗೆ 1945ರ ಫೆಬ್ರವರಿಯಲ್ಲಿ ನದಿಯ ಎರಡೂ ದಂಡೆಗಳಲ್ಲಿ ಬೇರೆ ಬೇರೆಯಾಗಿ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕರ್ನಾಟಕವೊಂದರಲ್ಲಿಯೇ ಇಂದು ಒಂಬತ್ತು ಲಕ್ಷ ಎಕರೆಗೂ ಹೆಚ್ಚು ಜಮೀನು ಈ ಜಲಾಶಯದ ಅಚ್ಚುಕಟ್ಟಿನಲ್ಲಿದೆ. ಕೃಷ್ಣಾ ನ್ಯಾಯಮಂಡಳಿಯ ಬಚಾವತ್ ತೀರ್ಪಿನಂತೆ ಈ ಯೋಜನೆಯ ಲೆಕ್ಕಕ್ಕೆ ವರ್ಷಕ್ಕೆ 230 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ನೀರಿದ್ದು, ಅದರಲ್ಲಿ 138.99 ಟಿಎಂಸಿ ನಮ್ಮದು. ಉಳಿದದ್ದು ಆಂಧ್ರ, ತೆಲಂಗಾಣಗಳ ಪಾಲು ಮತ್ತು ಆವಿಯಾಗಿ ಹೋಗುವ 18 ಟಿಎಂಸಿ.

ಅಣೆಕಟ್ಟೆ ಎಂದರೆ ನೀರನ್ನು ಕೂಡಿಡುವ ಪಾತ್ರೆ ಎಂದಷ್ಟೇ ನಾವು ತಿಳಿಯುತ್ತೇವೆ. ತುಂಗಭದ್ರಾ ಅಣೆಕಟ್ಟೆಯ ಇನ್ನೊಂದು ಕೆಲಸ ನೀರನ್ನು ಎತ್ತಿ ಹಿಡಿಯುವುದು. ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿದು ರಾಯಚೂರಿನ ದಿಕ್ಕಿಗೆ ಸಾಗುವ ನಿಮ್ಮ ಎಡದಂಡೆ ಕಾಲುವೆಗೂ ಬಲದಂಡೆಯ ಮೇಲ್ಮಟ್ಟದ ಕಾಲುವೆಗೂ ನೀರು ಹತ್ತುವುದು ಜಲಾಶಯದ ಮಟ್ಟ ಅಷ್ಟು ಎತ್ತರದಲ್ಲಿ ನಿಂತಿರುವುದರಿಂದ. ಗೋಡೆಯನ್ನು ತೆಗೆದರೆ ನದಿ ತನ್ನ ಹಳೆಯ ತಳಕ್ಕೆ ಇಳಿಯುತ್ತದೆ, ಕಾಲುವೆಯ ಬಾಯಿ ಗಾಳಿಯಲ್ಲಿ ಉಳಿಯುತ್ತದೆ. ವಿಜಯನಗರದ ಅರಸರು ದೊಡ್ಡ ಅಣೆಕಟ್ಟೆಯಿಲ್ಲದೆಯೇ ನೀರಾವರಿ ಮಾಡಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಮಾಡಿದರು, ಅದ್ಭುತವಾಗಿ ಮಾಡಿದರು; ಹಂಪಿಯ ತುರ್ತ ಕಾಲುವೆ ಇಂದಿಗೂ ಬಾಳೆ, ಭತ್ತ, ಕಬ್ಬಿಗೆ ನೀರು ಕೊಡುತ್ತಿದೆ. ಆದರೆ ಆ ತಗ್ಗಿನ ಅಣೆಗಳು ತಣಿಸಿದ್ದು ನದಿಗೆ ಅಂಟಿಕೊಂಡ ಪಟ್ಟಿಯನ್ನು ಮಾತ್ರ. ಸಿಂಧನೂರು, ಮಾನ್ವಿ, ಸಿರವಾರದ ಎರೆಭೂಮಿಯನ್ನು ಅವು ಎಂದೂ ಮುಟ್ಟಲಿಲ್ಲ. ಇನ್ನೊಂದು ಮಾತು: ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ನೀರು ತಿರುಗಿಸುತ್ತಿದ್ದ ವಲ್ಲಭಾಪುರದ ಹಳೆಯ ಅಣೆ ಈ ಜಲಾಶಯದಲ್ಲಿಯೇ ಮುಳುಗಿದೆ, ಈಗ ಆ ಕಾಲುವೆಗಳಿಗೂ ನೀರು ಜಲಾಶಯದಿಂದಲೇ ಹೋಗಬೇಕು.

ನಿಮ್ಮ ಸುತ್ತಮುತ್ತಲಿನ ಬದುಕನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ನಾಟಿ ಮತ್ತು ಕಟಾವಿನ ಕೂಲಿಗೆಂದು ಪ್ರತಿ ವರ್ಷ ಬರುವ ಕುಟುಂಬಗಳು, ಬೇಸಿಗೆಗೆಂದು ಕಾಲುವೆ ನೀರಿನಿಂದ ತುಂಬಿಸಿಟ್ಟುಕೊಳ್ಳುವ ಊರೂರಿನ ಕುಡಿಯುವ ನೀರಿನ ಕೆರೆಗಳು, ಇವೆಲ್ಲ ಎಪ್ಪತ್ತು ವರ್ಷಗಳಲ್ಲಿ ಆ ಗೋಡೆಯ ಬೆನ್ನಿಗೆ ಬೆಳೆದವು. ಕ್ಲಾಮತ್ ದಂಡೆಯಲ್ಲಿ ವಿದ್ಯುತ್ತನ್ನು ಬೇರೆ ಕಡೆಯಿಂದ ತರಿಸಿಕೊಂಡರು. ಇಲ್ಲಿ ಬೇರೆ ಕಡೆಯಿಂದ ತರಿಸಿಕೊಳ್ಳಲು ನೀರೆಲ್ಲಿದೆ?

ತೆಗೆಯಲು ಸಾಧ್ಯವಿಲ್ಲ ಎಂದು ನಾನು ಹೇಳಿದ್ದಕ್ಕೆ ಇನ್ನೊಂದು ಕಾರಣ ಹೂಳು. ಕ್ಲಾಮತ್‌ಗೂ ಮೊದಲು ಅಮೆರಿಕದಲ್ಲಿ ನಡೆದ ಅತಿ ದೊಡ್ಡ ಕಳಚುವಿಕೆ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯದು. 1913ರ ಎಲ್ವಾ ಅಣೆಕಟ್ಟೆ ಮತ್ತು 1927ರ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟೆ, ಇವೆರಡನ್ನೂ ತೆಗೆಯಲು ಅಲ್ಲಿನ ಸಂಸತ್ತು 1992ರಲ್ಲಿ ಕಾಯ್ದೆ ಮಾಡಿತು. ಕೆಲಸ ಆರಂಭವಾದದ್ದು 2011ರಲ್ಲಿ, ಮುಗಿದದ್ದು 2014ರಲ್ಲಿ. ನಡುವಿನ ಹತ್ತೊಂಬತ್ತು ವರ್ಷಗಳ ಹೆಚ್ಚಿನ ಚಿಂತೆ ಹೂಳಿನದೇ ಆಗಿತ್ತು. ಎರಡೂ ಜಲಾಶಯಗಳಲ್ಲಿ ಸೇರಿ ಸುಮಾರು 2.1 ಕೋಟಿ ಘನಮೀಟರ್ ಹೂಳಿತ್ತು. ಅದು ಒಮ್ಮೆಗೇ ನುಗ್ಗದಂತೆ ಗೋಡೆಯನ್ನು ಸ್ವಲ್ಪ ಸ್ವಲ್ಪವೇ ಕೊರೆದು, ಮೀನು ಮರಿ ಮಾಡುವ ಕಾಲದಲ್ಲಿ ಕೆಲಸ ನಿಲ್ಲಿಸಿ, ಕೆಳಗಿನ ಪೋರ್ಟ್ ಏಂಜಲಿಸ್ ಪಟ್ಟಣದ ನೀರು ಕೆಡದಂತೆ ಮೊದಲೇ ಶುದ್ಧೀಕರಣ ಘಟಕಗಳನ್ನು ಕಟ್ಟಿ, ಮೂರು ವರ್ಷ ತೆಗೆದುಕೊಂಡು ಇಳಿಸಿದರು. ಸಮುದ್ರ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿತ್ತು. ಬಂದ ಮರಳು ಮಣ್ಣೆಲ್ಲ ಕಡಲತೀರಕ್ಕೆ ಸೇರಿ ಹೊಸ ದಂಡೆಯೇ ಮೂಡಿತು.

ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 132.5 ಟಿಎಂಸಿ ಇತ್ತು, ಈಗಿನ ಲೆಕ್ಕದಲ್ಲಿ 105.788 ಟಿಎಂಸಿ. (2008ರ ಸಮೀಕ್ಷೆಯಲ್ಲಿ ಅದು 100.855 ಟಿಎಂಸಿ ಎಂದಿತ್ತು. ನಡುವೆ ಹೂಳು ಕಡಿಮೆಯಾಯಿತೆಂದು ಇದರ ಅರ್ಥವಲ್ಲ; ಅಳೆಯುವ ವಿಧಾನ ಬದಲಾದಾಗ ಇಷ್ಟು ವ್ಯತ್ಯಾಸ ಬರುತ್ತದೆ. ಹೂಳಿನ ಅಂಕಿಗಳನ್ನು ಎರಡು ದಶಮಾಂಶದವರೆಗೆ ನಂಬಿ ಜಗಳವಾಡಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ.) ಕಳೆದುಹೋದ ಸುಮಾರು 26.7 ಟಿಎಂಸಿ ಜಾಗವೆಂದರೆ 75 ಕೋಟಿ ಘನಮೀಟರಿಗೂ ಹೆಚ್ಚು ಹೂಳು, ಎಲ್ವಾದ ಮೂವತ್ತೈದು ಪಟ್ಟು. ಅದು ಸಡಿಲಗೊಂಡರೆ ಹೋಗುವುದು ಸಮುದ್ರಕ್ಕಲ್ಲ. ಹಂಪಿ, ಆನೆಗೊಂದಿ, ಕಂಪ್ಲಿಯ ಹಳೆಯ ಅಣೆಗಳನ್ನು ಹೂತು, ಇನ್ನೂ ಕೆಳಗಿನ ರಾಜೋಳಿಬಂಡೆ ಮತ್ತು ಸುಂಕೇಸುಲ ಅಣೆಗಳ ಬಾಗಿಲುಗಳನ್ನು ಮುಚ್ಚಿ, ಕೊನೆಗೆ ಶ್ರೀಶೈಲ ಜಲಾಶಯದಲ್ಲಿ ಕೂರುತ್ತದೆ. ಭದ್ರಾವತಿ, ಹರಿಹರದಂಥ ಕೈಗಾರಿಕಾ ಊರುಗಳನ್ನು ದಾಟಿ ಎಪ್ಪತ್ತು ವರ್ಷ ಬಂದ ಹೂಳು ಅದು. ಅದರಲ್ಲಿ ಏನೇನು ಸೇರಿದೆಯೆಂದು ಪದರ ಪದರವಾಗಿ ಪರೀಕ್ಷಿಸದೆ ಮುಟ್ಟುವಂತೆಯೇ ಇಲ್ಲ.

ಹಾಗಾದರೆ ಹೂಳನ್ನು ಎತ್ತಬಹುದಲ್ಲ ಎಂಬ ಮಾತು ಪ್ರತಿ ಚುನಾವಣೆಯಲ್ಲಿ ಕೇಳಿಬರುತ್ತದೆ. 2017ರ ಬೇಸಿಗೆಯಲ್ಲಿ ರೈತರೇ ‘ಹೂಳಿನ ಜಾತ್ರೆ’ ಮಾಡಿ ಜಲಾಶಯಕ್ಕಿಳಿದರು. ಅವರ ಸಂಕಟಕ್ಕೂ ಶ್ರಮಕ್ಕೂ ನಾನು ಕೈಮುಗಿಯುತ್ತೇನೆ, ಏಕೆಂದರೆ ಸರ್ಕಾರಗಳು ಕೇಳಿಸಿಕೊಳ್ಳದ ಮಾತನ್ನು ಅವರು ಗುದ್ದಲಿಯಿಂದ ಹೇಳಿದರು. ಆದರೆ ಲೆಕ್ಕ ಹಾಕಿ ನೋಡಿ. ಒಂದು ಟಿಪ್ಪರಿನಲ್ಲಿ ಹತ್ತು ಘನಮೀಟರ್ ಮಣ್ಣು ಹಿಡಿಯುತ್ತದೆ ಎಂದುಕೊಂಡರೆ ಏಳೂವರೆ ಕೋಟಿ ಟಿಪ್ಪರ್ ಬೇಕು. ದಿನಕ್ಕೆ ಸಾವಿರ ಟಿಪ್ಪರಿನಂತೆ ವರ್ಷದ ಎಲ್ಲ ದಿನವೂ ಸಾಗಿಸಿದರೆ ಇನ್ನೂರು ವರ್ಷವಾದರೂ ಮುಗಿಯದು. ಅಷ್ಟರಲ್ಲಿ ಹೊಸ ಹೂಳು ಬಂದಿರುತ್ತದೆ. ಎತ್ತಿದ್ದನ್ನು ಹಾಕುವುದೆಲ್ಲಿ ಎಂಬ ಪ್ರಶ್ನೆ ಬೇರೆ. ಕಡುಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಿನ್ನೀರಿನ ಅಂಚಿನಲ್ಲಿ ನಾನು ಆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೇಲೆ ಅಂಗೈ ಅಗಲದ ಬಿರುಕು, ಒಳಗೆ ಮೊಣಕೈ ಇಳಿಸಿದರೂ ತಣ್ಣಗೆ ಜಿನುಗುವ, ಗೋದಿಹಿಟ್ಟಿನಷ್ಟು ನುಣುಪಾದ ಕಪ್ಪು ಮಣ್ಣು. ಹೊಲಕ್ಕೆ ಹಾಕಲು ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಅಂಚಿನ ಹಳ್ಳಿಗಳವರು ಒಯ್ಯುವುದಾದರೆ ಖಂಡಿತ ಒಯ್ಯಲಿ. ಆದರೆ ಅದರಿಂದ ಜಲಾಶಯದ ಸಾಮರ್ಥ್ಯ ಮರಳುತ್ತದೆಂದು ಯಾರೂ ಭರವಸೆ ಕೊಡಬಾರದು.

ಇಷ್ಟು ಹೇಳಿದ ಮೇಲೆ, ಅಣೆಕಟ್ಟೆಯನ್ನು ತೆಗೆಯಬೇಕೆನ್ನುವವರ ಮಾತಿನಲ್ಲಿರುವ ಸತ್ಯವನ್ನೂ ಮರೆಮಾಚದೆ ಹೇಳಬೇಕು. 378 ಚದರ ಕಿಲೋಮೀಟರ್ ಹರಡಿಕೊಂಡಿರುವ ಆ ನೀರಿನ ಕೆಳಗೆ ಸುಮಾರು ತೊಂಬತ್ತು ಹಳ್ಳಿಗಳಿವೆ, ಐವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿಂದ ಎದ್ದು ಬಂದವರು. ಮರಿಯಮ್ಮನಹಳ್ಳಿಯ ಹಿರಿಯರು ನೀರು ತಗ್ಗಿದ ವರ್ಷ ತಮ್ಮ ನಾರಾಯಣದೇವರಕೆರೆಯ ಬಗ್ಗೆ ಮಾತನಾಡುವುದನ್ನು ಕೇಳಿದವರಿಗೆ, ಎಡದಂಡೆಯ ಹಸಿರಿಗೆ ಬೆಲೆ ತೆತ್ತವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಣೆಕಟ್ಟೆಯ ಕೆಳಗಿನ ನದಿ ಬೇಸಿಗೆಯಲ್ಲಿ ಬಂಡೆಗಳ ನಡುವಿನ ಮಡುಗಳಾಗಿ ಒಡೆಯುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಆ ಪ್ರಾಣಿಗಳಿಗೆ ಬೇಕಾದ ಕನಿಷ್ಠ ಹರಿವನ್ನು ಬೇಸಿಗೆಯಲ್ಲಿಯೂ ಬಿಡುವ ಬದ್ಧತೆ ಆ ಘೋಷಣೆಯ ಜೊತೆಯಲ್ಲಿಯೇ ಬರಬೇಕಿತ್ತು. ಜಲಾಶಯದ ನೀರು ಕೆಲವು ವರ್ಷ ಪಾಚಿಗಟ್ಟಿ ಹಸಿರಾಗುವುದನ್ನು ನೀವೂ ನೋಡಿರುತ್ತೀರಿ. ಇನ್ನು ಅಣೆಕಟ್ಟೆಯಿಂದ ಪ್ರವಾಹ ತಪ್ಪುತ್ತದೆ ಎಂಬ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜವಿದೆ. ನೀರಾವರಿಗೆಂದು ಕಟ್ಟಿದ ಜಲಾಶಯವನ್ನು ಆಗಸ್ಟ್ ಹೊತ್ತಿಗೆ ತುಂಬಿಸಿಕೊಳ್ಳಲೇಬೇಕು. ತುಂಬಿದ ಮೇಲೆ ಮಲೆನಾಡಿನಲ್ಲಿ ಮಳೆ ಜಡಿದರೆ ಬಂದದ್ದನ್ನೆಲ್ಲ ಕೆಳಗೆ ಬಿಡುವುದು ಬಿಟ್ಟು ಬೇರೆ ದಾರಿಯಿಲ್ಲ. ಹಂಪಿಯ ಪುರಂದರ ಮಂಟಪ ಮತ್ತು ಕಂಪ್ಲಿಯ ಸೇತುವೆ ಆಗಾಗ ಮುಳುಗುವುದು ಇದರಿಂದಲೇ.

ಈ ಮಾತುಗಳಿಗೆ ಉತ್ತರ ಗೋಡೆಯನ್ನು ಒಡೆಯುವುದರಲ್ಲಿಲ್ಲ. ಅಣೆಕಟ್ಟೆಯನ್ನು ನಡೆಸುವ ರೀತಿಯಲ್ಲಿದೆ. ಅಲ್ಲಿಯೇ ನಮ್ಮ ನಿಜವಾದ ಸೋಲೂ ಇದೆ.

2024ರ ಆಗಸ್ಟ್ 10ರ ರಾತ್ರಿ ಏನಾಯಿತೆಂದು ನೆನಪಿಸಿಕೊಳ್ಳೋಣ. ಅಣೆಕಟ್ಟೆಯ ಮೇಲ್ಭಾಗದಲ್ಲಿ 33 ಕ್ರಸ್ಟ್ ಗೇಟುಗಳಿವೆ, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ ಪೂರ್ಣ ಮಟ್ಟವಾದ 1,633 ಅಡಿಗೆ ಬಂದಾಗ ಒಂದೊಂದು ಗೇಟಿನ ಮೇಲೆ ನೀರು ಸುಮಾರು 340 ಟನ್ ಬಲದಿಂದ ಒತ್ತುತ್ತದೆ, ಮತ್ತು ಇಡೀ ಜಲಾಶಯದ ಅರ್ಧಕ್ಕಿಂತ ಹೆಚ್ಚು ನೀರು ಕಲ್ಲಿನ ಗೋಡೆಯ ಮೇಲಲ್ಲ, ಈ ಉಕ್ಕಿನ ಬಾಗಿಲುಗಳ ಆಸರೆಯಲ್ಲಿ ನಿಂತಿರುತ್ತದೆ. ಆ ರಾತ್ರಿ 19ನೇ ಗೇಟಿನ ಸರಪಳಿಯ ಕೊಂಡಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗಿಸಲು ಅವನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಇಂಥ ಸಂದರ್ಭಕ್ಕೆಂದು ಸಿದ್ಧವಾಗಿ ಇಟ್ಟ ತಡೆಬಾಗಿಲು ಇರಲಿಲ್ಲ, ಹೊಸದಾಗಿಯೇ ಮಾಡಿಸಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಭೋರ್ಗರೆಯುತ್ತಿರುವಾಗಲೇ, ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಬಾಯಿಯನ್ನು ಮುಚ್ಚಿದರು. ಆ ಕೆಲಸ ಮಾಡಿದ ಕಾರ್ಮಿಕರ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಮುಂಗಾರು ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಮಳೆ ಹಿಂದೆಗೆದ ವರ್ಷವಾಗಿದ್ದರೆ ನಿಮ್ಮ ಭತ್ತ ಹೊಡೆ ಬಿಚ್ಚುವ ಮೊದಲೇ ಕಾಲುವೆ ಬತ್ತುತ್ತಿತ್ತು.

ಹಳೆಯ ಅಣೆಕಟ್ಟೆಯೊಂದರಲ್ಲಿ, ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಗೇಟಿನ ಸರಪಳಿಯ ಒಂದು ಕೊಂಡಿಯನ್ನು ಬಿಚ್ಚಿಸಿ ನೋಡಿದ ನೆನಪು ನನಗಿದೆ. ಹೊರಗೆ ಅದೇ ವರ್ಷ ಬಳಿದ ಬೂದು ಬಣ್ಣ ಮಿರುಗುತ್ತಿತ್ತು. ಒಳಗಿನ ಕೀಲನ್ನು ಹೊಡೆದು ಹೊರತೆಗೆದಾಗ ಅದರ ನಡುಭಾಗ ಸವೆದು ಹೆಬ್ಬೆರಳಿನಿಂದ ಕಿರುಬೆರಳಿನ ಗಾತ್ರಕ್ಕೆ ಇಳಿದಿತ್ತು, ತುಕ್ಕು ಹಾಳೆ ಹಾಳೆಯಾಗಿ ಕಳಚಿ ಅಂಗೈಗೆ ಬಂತು. ಬಣ್ಣ ಬಳಿದದ್ದಕ್ಕೆ ಬಿಲ್ಲು ಇತ್ತು, ಕೀಲಿಗೆ ಗ್ರೀಸ್ ಹಾಕಿದ್ದಕ್ಕೆ ದಾಖಲೆಯೇ ಇರಲಿಲ್ಲ. ಗೇಟಿನ ಬಳಿ ಮೂವತ್ತು ವರ್ಷ ಕೆಲಸ ಮಾಡಿ, ಅದರ ಸದ್ದಿನಲ್ಲಿಯೇ ತೊಂದರೆಯನ್ನು ಗುರುತಿಸುತ್ತಿದ್ದ ನೌಕರರು ನಿವೃತ್ತರಾದಾಗ ಅವರ ಜಾಗಕ್ಕೆ ಗುತ್ತಿಗೆಯ ಮೇಲೆ ಬಂದವರಿಗೆ ಆ ಜ್ಞಾನವನ್ನು ಯಾರೂ ದಾಟಿಸಿರಲಿಲ್ಲ. ಅಣೆಕಟ್ಟೆಗಳು ಕೆಡುವುದು ಹೆಚ್ಚಾಗಿ ಹೀಗೆ. 2021ರ ನವೆಂಬರಿನಲ್ಲಿ ಆಂಧ್ರದ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟೆ ಕೊಚ್ಚಿಹೋಗಿ ಕೆಳಗಿನ ಹಳ್ಳಿಗಳಲ್ಲಿ ಜನ ಸತ್ತರು. ಪ್ರವಾಹ ದೊಡ್ಡದಿತ್ತು ನಿಜ, ಆದರೆ ಅದರ ಐದು ಗೇಟುಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನೆಷ್ಟು ಕಾಲ ಎಂಬ ನಿಮ್ಮ ಪ್ರಶ್ನೆಗೆ ಈಗ ಬರುತ್ತೇನೆ. ಅಣೆಕಟ್ಟೆಗೆ ಒಂದೇ ಆಯುಷ್ಯವಿಲ್ಲ, ಅದರ ಒಂದೊಂದು ಅಂಗಕ್ಕೆ ಒಂದೊಂದು ಆಯುಷ್ಯ. ಗೋಡೆ ಕಲ್ಲುಕಟ್ಟಡದ್ದು, ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಸೇರಿದ ಗಾರೆಯದು. ಅಂಥ ಕಟ್ಟಡ ಗಟ್ಟಿಯಾದ ಬಂಡೆಯ ಮೇಲೆ ಕುಳಿತಿದ್ದು, ಒಳಗಿನಿಂದ ಒಸರುವ ನೀರು ಸುಣ್ಣವನ್ನು ತೊಳೆದೊಯ್ಯದಂತೆ ಕಾಲಕಾಲಕ್ಕೆ ನೋಡಿಕೊಂಡರೆ ನೂರು ವರ್ಷ ದೊಡ್ಡದೇನಲ್ಲ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1907ರದ್ದು, 2022ರಲ್ಲಿ ಕೋಡಿ ಬಿದ್ದಾಗಲೂ ನೆಟ್ಟಗೆ ನಿಂತಿತ್ತು. ಒಸರುವ ನೀರನ್ನು ತಿಂಗಳು ತಿಂಗಳು ಅಳೆದು, ಅದು ತಿಳಿಯಾಗಿದೆಯೋ ಬೆಳ್ಳಗಿದೆಯೋ ಎಂದು ಬರೆದಿಟ್ಟುಕೊಳ್ಳುವುದು ಯಾವ ಹೊಸ ಯಂತ್ರಕ್ಕಿಂತಲೂ ಮುಖ್ಯ. ಹೂಳಿನ ಆಯುಷ್ಯ ಬೇರೆ: ಈವರೆಗಿನ ಸರಾಸರಿ ವರ್ಷಕ್ಕೆ 0.38 ಟಿಎಂಸಿ ಆಸುಪಾಸಿನಲ್ಲಿದ್ದು, ಅದೇ ವೇಗದಲ್ಲಿ ಹೋದರೆ ಶತಮಾನದ ಕೊನೆಗೆ ಸುಮಾರು 77 ಟಿಎಂಸಿ ಉಳಿಯುತ್ತದೆ. ಗೇಟು ಮತ್ತು ಸರಪಳಿಗಳ ಆಯುಷ್ಯವಂತೂ ಮುಗಿದುಹೋಗಿದೆ. ಇದನ್ನು ಒಪ್ಪಿಕೊಂಡೇ 2025ರ ಮುಂಗಾರಿನಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿ, ಎರಡನೆಯ ಬೆಳೆಗೆ ನೀರು ಬಿಡದೆ, ಎಲ್ಲ 33 ಗೇಟುಗಳನ್ನು ಬದಲಿಸುವ ತೀರ್ಮಾನವಾಯಿತು. ಒಂದು ಬೆಳೆ ಹೋದದ್ದಕ್ಕೆ ರೈತರು ಸಿಟ್ಟಾದದ್ದು ಸಹಜ. ಬೆಳೆ ಬಿಟ್ಟವರಿಗೆ, ವಿಶೇಷವಾಗಿ ಗುತ್ತಿಗೆಗೆ ಹೊಲ ಮಾಡಿದವರಿಗೆ ಮತ್ತು ಕೂಲಿಗಳಿಗೆ, ಪರಿಹಾರ ಸಿಗಲೇಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಗೇಟು ಬದಲಿಸುವ ತೀರ್ಮಾನ ಸರಿಯಾದುದು. ಅದು ಇಪ್ಪತ್ತು ವರ್ಷ ಮೊದಲೇ, ವರ್ಷಕ್ಕೆ ಮೂರೋ ನಾಲ್ಕೋ ಗೇಟಿನಂತೆ, ಯಾವ ಬೆಳೆಯನ್ನೂ ಬಿಡದೆ ನಡೆಯಬಹುದಾಗಿದ್ದ ಕೆಲಸ.

ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಿ ಹೂಳಿನಿಂದ ಕಳೆದುಕೊಂಡ ನೀರನ್ನು ಅಲ್ಲಿ ಹಿಡಿಯಬಹುದೆಂಬ ಪ್ರಸ್ತಾವ ನಿಮಗೆ ಗೊತ್ತಿದೆ. ಅದಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು; ಮತ್ತಷ್ಟು ಹಳ್ಳಿಗಳ ಜಮೀನು ಮುಳುಗುತ್ತದೆ. ಮೂರು ರಾಜ್ಯಗಳು ಸೇರಿದ ಕಡೆ ಒಂದು ರಾಜ್ಯ ಒಂದು ಅಣೆಕಟ್ಟೆಯನ್ನು ತೆಗೆಯುವುದೂ ಸುಲಭವಲ್ಲ, ಕಟ್ಟುವುದೂ ಸುಲಭವಲ್ಲ. 1895ರ ಮುಲ್ಲಪೆರಿಯಾರ್ ಅಣೆಕಟ್ಟೆಯನ್ನು ಕೈಬಿಟ್ಟು ಹೊಸದನ್ನು ಕಟ್ಟಬೇಕೆಂದು ಕೇರಳವೂ, ಅದು ಭದ್ರವಾಗಿದೆಯೆಂದು ತಮಿಳುನಾಡೂ ದಶಕಗಳಿಂದ ವಾದಿಸುತ್ತಿವೆ. 2014ರಲ್ಲಿ ಸುಪ್ರೀಂ ಕೋರ್ಟ್ 142 ಅಡಿಯವರೆಗೆ ನೀರು ನಿಲ್ಲಿಸಲು ಅನುಮತಿ ಕೊಟ್ಟ ಮೇಲೂ ವಾದ ಮುಗಿದಿಲ್ಲ. ನವಲಿಯನ್ನು ಕಾದು ಕೂರುವ ಬದಲು ಇರುವ 105 ಟಿಎಂಸಿಯನ್ನು ಹಂಚುವ ರೀತಿಯನ್ನು ನೋಡಬೇಕು. ಈ ಯೋಜನೆಯನ್ನು ರೂಪಿಸಿದ್ದು ಬರ ತಡೆಯಲೆಂದು, ಜೋಳ, ಹತ್ತಿ, ಕಡಲೆಯಂಥ ಹಗುರ ನೀರಿನ ಬೆಳೆಗಳಿಗೆ ತೆಳುವಾಗಿ ಹಂಚಲೆಂದು. ಭತ್ತ ಮೇಲ್ಭಾಗವನ್ನು ಆವರಿಸಿದ ಮೇಲೆ, ಅನಧಿಕೃತ ಪೈಪು ಮತ್ತು ಪಂಪ್‌ಸೆಟ್ಟುಗಳು ಕಾಲುವೆಯುದ್ದಕ್ಕೂ ಕೂತ ಮೇಲೆ, ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತನಿಗೆ ಅಣೆಕಟ್ಟೆಯನ್ನು ಯಾರೂ ತೆಗೆಯದೆಯೇ ಅದು ಇಲ್ಲದಂತಾಗಿದೆ. ಬ್ಯಾಟರಿ ಹಿಡಿದು ನಡುರಾತ್ರಿ ಉಪಕಾಲುವೆಯ ತೂಬಿನ ಬಳಿ ಕೂತು, ಮೊಣಕಾಲುದ್ದ ಬರಬೇಕಿದ್ದ ನೀರು ಹಿಮ್ಮಡಿ ಮುಟ್ಟದೆ ಹೋಗುವುದನ್ನು ನೋಡುತ್ತಿದ್ದ ರೈತರ ಜೊತೆ ನಾನೂ ಕೂತಿದ್ದೇನೆ. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಕರ್ನಾಟಕದಲ್ಲಿ ತೆಗೆಯುವ ಚರ್ಚೆ ನಡೆಯಲೇಬಾರದೆಂದು ನಾನು ಹೇಳುತ್ತಿಲ್ಲ. ಪಶ್ಚಿಮ ಘಟ್ಟದ ಹೊಳೆಗಳಿಗೆ ಅಡ್ಡಲಾಗಿ ನಿಂತು, ಬಳಕೆ ಮುಗಿದ ಸಣ್ಣ ಒಡ್ಡುಗಳಿದ್ದರೆ ಮೊದಲು ಅಲ್ಲಿಂದ ಆರಂಭಿಸಬೇಕು. ಮೀನಿಗೂ ಹೊಳೆಗೂ ಅದರಿಂದ ತಕ್ಷಣದ ಪ್ರಯೋಜನವಿದೆ, ಯಾರ ಅನ್ನವೂ ಹೋಗುವುದಿಲ್ಲ. ಇಂಥ ಕಡೆಗಳಿಗೆ ಕ್ಲಾಮತ್ ಮತ್ತು ಎಲ್ವಾದ ಅನುಭವ ನೇರವಾಗಿ ಅನ್ವಯಿಸುತ್ತದೆ.

ತುಂಗಭದ್ರೆಯ ಮಟ್ಟಿಗೆ ನಿಮ್ಮ ಕೈಯಲ್ಲಿಯೇ ಇರುವ ಒಂದು ಕೆಲಸವನ್ನು ಹೇಳುತ್ತೇನೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಂದು ಜಾರಿಗೆ ಬಂತು. ದೇಶದ ಪ್ರತಿಯೊಂದು ದೊಡ್ಡ ಅಣೆಕಟ್ಟೆಯನ್ನೂ ಸ್ವತಂತ್ರ ತಜ್ಞರ ಸಮಿತಿಯಿಂದ ಸಮಗ್ರವಾಗಿ ಪರೀಕ್ಷಿಸಬೇಕು, ಮೊದಲ ಪರೀಕ್ಷೆ ಕಾಯ್ದೆ ಜಾರಿಯಾದ ಐದು ವರ್ಷಗಳೊಳಗೆ, ಅಂದರೆ 2026ರ ಡಿಸೆಂಬರ್ ಒಳಗೆ ನಡೆಯಬೇಕು ಎಂದು ಅದು ಹೇಳುತ್ತದೆ. ಪ್ರತಿ ಹಂಗಾಮಿಗೆ ಮುನ್ನ ನಡೆಯುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನಮ್ಮ ಪ್ರತಿನಿಧಿಗಳು ಕೇಳುವುದು ಎಷ್ಟು ದಿನ, ಎಷ್ಟು ಕ್ಯುಸೆಕ್ ನೀರು ಬಿಡುತ್ತೀರಿ ಎಂಬುದನ್ನು ಮಾತ್ರ. ಮುಂದಿನ ಸಭೆಗೆ ಮೊದಲು ನಿಮ್ಮ ಊರಿನವರು ನಿಮ್ಮ ಶಾಸಕರಿಗೆ ಇನ್ನೂ ಮೂರು ಪ್ರಶ್ನೆಗಳನ್ನು ಬರೆದುಕೊಡಿ: ತಜ್ಞರ ಪರೀಕ್ಷಾ ವರದಿ ಎಲ್ಲಿದೆ, ಅದರ ಕನ್ನಡ ಪ್ರತಿ ಯಾವಾಗ ಸಿಗುತ್ತದೆ, ಮತ್ತು ಈ ಬೇಸಿಗೆಯಲ್ಲಿ ಯಾವ ಯಾವ ಗೇಟಿನ ಕೀಲು ಬಿಚ್ಚಿ ನೋಡಲಾಯಿತು.